ವೀಡಿಯೊ ಗೇಮ್ ಹಾಸ್ಯಚಿತ್ರಗಳಲ್ಲಿ ವ್ಯಾಪಾರಸ್ಥರಿಗೆ ಕಾಣುವ ಕಾನೂನು ಮತ್ತು ಲೆಕ್ಕ

ವಾಣಿಜ್ಯ ಮಾಸಪತ್ರಿಕೆಯಲ್ಲಿ ಹಾಸ್ಯಚಿತ್ರಗಳನ್ನು ಕುರಿತು ಲೇಖನವೇ ಎಂದು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಆದರೆ ಇತ್ತೀಚಿನ ವರ್ಷಗಳಲ್ಲಿ ವ್ಯಾಪಾರಸ್ಥರು ಲೆಕ್ಕ ಪರಿಶೋಧಕರ ಮುಂದಿಡುತ್ತಿರುವ ಪ್ರಶ್ನೆಗಳಲ್ಲಿ 'ಗೇಮ್' ಎಂಬ ಶಬ್ದ ಪದೇ ಪದೇ ಕೇಳಿಬರುತ್ತಿದೆ. ಒಬ್ಬರಿಗೆ ಗೋಕುಲ ರಸ್ತೆಯಲ್ಲಿ ಮಗನ ಹೆಸರಿನಲ್ಲಿ ಗೇಮಿಂಗ್ ಝೋನ್ ತೆರೆಯುವ ಮನಸ್ಸಿದೆ. ಇನ್ನೊಬ್ಬರ ಅಂಗಡಿಯ ಚಾಲ್ತಿ ಖಾತೆಯಿಂದ ನಡುರಾತ್ರಿ ರಮ್ಮಿ ಆ್ಯಪ್‌ಗೆ ಹಣ ಹೋಗಿರುವುದು ವರ್ಷಾಂತ್ಯದಲ್ಲಿ ಬ್ಯಾಂಕ್ ಹೇಳಿಕೆ ತಾಳೆ ನೋಡುವಾಗ ಬೆಳಕಿಗೆ ಬಂದಿದೆ. ಮೂರನೆಯವರು ತಾವು ಹಣ ಕೊಟ್ಟು ಬರೆಯಿಸಿದ ಸಾಫ್ಟ್‌ವೇರ್ ತಮ್ಮದೇ ಅಥವಾ ಬರೆದ ಹುಡುಗನದೇ ಎಂಬ ತಕರಾರಿನಲ್ಲಿ ಸಿಲುಕಿದ್ದಾರೆ. ಸೋಜಿಗದ ಸಂಗತಿ ಎಂದರೆ ಈ ಪ್ರಶ್ನೆಗಳಲ್ಲಿ ಬಹುಪಾಲನ್ನು ಹಾಲಿವುಡ್‌ನ ವೀಡಿಯೊ ಗೇಮ್ ಹಾಸ್ಯಚಿತ್ರಗಳು ನಗುವಿನ ನೆವದಲ್ಲಿ ಎತ್ತಿವೆ. ಆ ಚಿತ್ರಗಳನ್ನು ಮೊಮ್ಮಕ್ಕಳ ಜೊತೆ ಕುಳಿತು ನೋಡುವ ವ್ಯಾಪಾರಸ್ಥರು ಲೆಕ್ಕದ ಕಣ್ಣಿನಿಂದಲೂ ನೋಡಬಹುದೆಂಬ ಉದ್ದೇಶದಿಂದ ಈ ವಿವರಣೆಯನ್ನು ನೀಡಲಾಗಿದೆ.

ಗಲ್ಲಾದ ಮೇಲೆ ಕುಳಿತ ಮಾಲೀಕ

2012ರಲ್ಲಿ ತೆರೆಕಂಡ ಡಿಸ್ನಿ ಸಂಸ್ಥೆಯ 'ರೆಕ್-ಇಟ್ ರಾಲ್ಫ್' ಒಂದು ವ್ಯಂಗ್ಯಚಲನಚಿತ್ರ. ನಿರ್ದೇಶಕರು ರಿಚ್ ಮೂರ್. ಲಿಟ್ವಾಕ್ ಎಂಬ ವೃದ್ಧನೊಬ್ಬ ನಡೆಸುವ ವೀಡಿಯೊ ಗೇಮ್ ಪಾರ್ಲರ್‌ನಲ್ಲಿ, ಬಾಗಿಲು ಹಾಕಿದ ಮೇಲೆ ಯಂತ್ರಗಳೊಳಗಿನ ಪಾತ್ರಗಳು ಜೀವ ತಳೆದು ವಿದ್ಯುತ್ ತಂತಿಗಳ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡಾಡುತ್ತವೆ. ಈ ಪಾತ್ರಗಳಿಗೆ ಖಳನಾಯಕನಿಗಿಂತ ಹೆಚ್ಚು ಭಯ ಹುಟ್ಟಿಸುವುದು ಮಾಲೀಕನು ಗಾಜಿನ ಮೇಲೆ ಅಂಟಿಸುವ 'ಕೆಟ್ಟಿದೆ' ಎಂಬ ಒಂದು ಚೀಟಿ. ದುರಸ್ತಿಯಾಗದಿದ್ದರೆ ಪ್ಲಗ್ ಕೀಳಲಾಗುವುದು, ಆ ಯಂತ್ರದ ಪಾತ್ರಗಳೆಲ್ಲ ನಿರಾಶ್ರಿತರಾಗುವರು. ಪ್ರೇಕ್ಷಕರು ರಾಲ್ಫ್‌ನನ್ನು ಮೆಚ್ಚಿಕೊಳ್ಳಬಹುದು. ನಾಣ್ಯದ ಮೇಲೆ ನಾಣ್ಯ ಎಣಿಸಿ ಬಾಡಿಗೆ ಕಟ್ಟುವ ಲಿಟ್ವಾಕ್‌ನ ಕಷ್ಟ ನಮ್ಮ ಪೇಟೆಯವರಿಗೆ ಬೇಗ ಅರ್ಥವಾಗುತ್ತದೆ.

2018ರಲ್ಲಿ ಬಂದ ಇದರ ಮುಂದಿನ ಭಾಗ 'ರಾಲ್ಫ್ ಬ್ರೇಕ್ಸ್ ದಿ ಇಂಟರ್ನೆಟ್'. ಇದರಲ್ಲಿ ಕಾರ್ ಓಟದ ಒಂದು ಹಳೆಯ ಯಂತ್ರದ ಸ್ಟಿಯರಿಂಗ್ ಚಕ್ರ ಮುರಿಯುತ್ತದೆ. ಯಂತ್ರ ತಯಾರಿಸಿದ ಕಂಪನಿ ಎಂದೋ ಮುಚ್ಚಿದೆ. ಇ-ಬೇ ಜಾಲತಾಣದಲ್ಲಿ ಒಂದೇ ಒಂದು ಬಿಡಿಭಾಗ ಇದೆ, ಬೆಲೆ 200 ಡಾಲರ್. ಈ ಯಂತ್ರ ಇಡೀ ವರ್ಷದಲ್ಲಿ ಅಷ್ಟು ಗಳಿಸುವುದಿಲ್ಲ ಎಂದು ಹೇಳಿ ಲಿಟ್ವಾಕ್ ಅದನ್ನು ಗುಜರಿಗೆ ಹಾಕಲು ತೀರ್ಮಾನಿಸುತ್ತಾನೆ. ಮಕ್ಕಳಿಗೆ ಇದು ಕಣ್ಣೀರಿನ ಘಟ್ಟ. ವೆಚ್ಚ ಲೆಕ್ಕಶಾಸ್ತ್ರದ ದೃಷ್ಟಿಯಿಂದ ಲಿಟ್ವಾಕ್ ಸರಿಯಾದ ವಿಚಾರವನ್ನೇ ಆರಂಭಿಸಿದ್ದಾನೆ, ಆದರೆ ಪೂರ್ತಿ ಮಾಡಿಲ್ಲ. ಯಂತ್ರವನ್ನು ಹಿಂದೆ ಎಷ್ಟಕ್ಕೆ ಕೊಂಡೆವು ಎಂಬುದು ಇಂದಿನ ನಿರ್ಣಯಕ್ಕೆ ಅಪ್ರಸ್ತುತ, ಅದನ್ನು ಅವನು ಎತ್ತುವುದೇ ಇಲ್ಲ; ಅದು ಸರಿ. ಆದರೆ ದುರಸ್ತಿ ವೆಚ್ಚವನ್ನು ಒಂದೇ ವರ್ಷದ ಗಳಿಕೆಗೆ ಹೋಲಿಸುವುದು ಸಾಲದು. ದುರಸ್ತಿಯಾದ ಯಂತ್ರ ಇನ್ನೆಷ್ಟು ವರ್ಷ ಓಡಬಹುದು, ಆ ವರ್ಷಗಳ ನಿವ್ವಳ ಗಳಿಕೆ ಎಷ್ಟು, ಇಂದೇ ಗುಜರಿಗೆ ಹಾಕಿದರೆ ಏನು ಸಿಗುತ್ತದೆ, ಆ ಜಾಗದಲ್ಲಿ ಬೇರೆ ಯಂತ್ರ ಇಟ್ಟರೆ ಏನು ಬರುತ್ತದೆ, ಈ ನಾಲ್ಕು ಅಂಕಿಗಳು ಬೇಕು. ತಾರಿಹಾಳದಲ್ಲಿ ಹಳೆಯ ಲೇಥ್ ಇಟ್ಟುಕೊಂಡಿರುವ ಉದ್ಯಮಿಗೂ ಇದೇ ನಾಲ್ಕು ಅಂಕಿಗಳು.

ಇನ್ನು ತೆರಿಗೆಯ ಮಾತು. ಮುರಿದ ಚಕ್ರದ ಬದಲು ಹೊಸ ಚಕ್ರ ಹಾಕಿಸಿದರೆ ಅದು ಚಾಲ್ತಿ ದುರಸ್ತಿ. ಆ ವರ್ಷದ ವೆಚ್ಚವಾಗಿ ಪೂರ್ತಿ ಕಳೆಯಬಹುದು. ಯಂತ್ರವನ್ನೇ ಬದಲಿಸಿದರೆ ಅದು ಬಂಡವಾಳ ವೆಚ್ಚ. ಸವಕಳಿ ಮಾತ್ರ ದೊರೆಯುತ್ತದೆ. ಈ ಗೆರೆಯನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟವಾಗಿ ಎಳೆಯಿತು. ನೂಲಿನ ಗಿರಣಿಯು ರಿಂಗ್ ಫ್ರೇಮ್‌ಗಳನ್ನು ಬದಲಿಸಿ, ಇಡೀ ಗಿರಣಿಯೇ ಒಂದು ಯಂತ್ರ, ನಾವು ಅದರ ಭಾಗವನ್ನಷ್ಟೇ ದುರಸ್ತಿ ಮಾಡಿದೆವು ಎಂದು ವಾದಿಸಿತ್ತು. ಪ್ರತಿಯೊಂದು ಯಂತ್ರವೂ ಸ್ವತಂತ್ರ ಘಟಕ, ಇರುವ ಆಸ್ತಿಯನ್ನು ಕಾಪಾಡುವುದು ದುರಸ್ತಿಯೇ ಹೊರತು ಹೊಸ ಆಸ್ತಿಯನ್ನು ತರುವುದಲ್ಲ ಎಂದು ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ವರ್ಷಾಂತ್ಯದಲ್ಲಿ 'ದುರಸ್ತಿ ಮತ್ತು ನಿರ್ವಹಣೆ' ಎಂಬ ಒಂದೇ ತಲೆಬರಹದಡಿ ಎಲ್ಲವನ್ನೂ ತುಂಬಿಸುವ ರೂಢಿ ನಮ್ಮಲ್ಲಿ ಉಂಟು. ಬಿಲ್ಲಿನ ಮೇಲೆ 'ಬಿಡಿಭಾಗ' ಎಂದಿದೆಯೇ ಅಥವಾ ಇಡೀ ಯಂತ್ರದ ಹೆಸರಿದೆಯೇ ಎಂಬುದನ್ನು ಅಧಿಕಾರಿಗಳು ಮೊದಲು ನೋಡುತ್ತಾರೆ.

ಇದೇ ಚಿತ್ರದಲ್ಲಿ ಹರಾಜಿನ ದೃಶ್ಯವೊಂದಿದೆ. ರಾಲ್ಫ್ ಮತ್ತು ಅವನ ಪುಟ್ಟ ಗೆಳತಿಗೆ ಹರಾಜು ಎಂದರೇನೆಂದು ತಿಳಿಯದು. ದೊಡ್ಡ ಸಂಖ್ಯೆ ಕೂಗುವ ಆಟವೆಂದು ತಿಳಿದು ಕೂಗುತ್ತಾ ಹೋಗಿ 27,001 ಡಾಲರ್‌ಗೆ ಚಕ್ರವನ್ನು 'ಗೆಲ್ಲುತ್ತಾರೆ'. ಕೈಯಲ್ಲಿ ಕಾಸಿಲ್ಲ, ಹಣ ಕಟ್ಟಲು 24 ಗಂಟೆಗಳ ಗಡುವು. ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ವರ್ಷಗಟ್ಟಲೆ ವ್ಯವಹರಿಸಿದವರು ಈ ದೃಶ್ಯಕ್ಕೆ ಉಳಿದವರಿಗಿಂತ ಜೋರಾಗಿ ನಗುತ್ತಾರೆ. ನಮ್ಮ ಕಾನೂನಿನಲ್ಲಿ, ಅಂದರೆ 1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಮಿನ ಪ್ರಕಾರ, ಸುತ್ತಿಗೆ ಬೀಳುವ ತನಕ ಅಥವಾ ರೂಢಿಯ ಬೇರೆ ಸಂಕೇತದಿಂದ ಹರಾಜು ಮುಗಿಯುವ ತನಕ ಯಾವ ಬಿಡ್‌ದಾರನಾದರೂ ತನ್ನ ಬಿಡ್ ಹಿಂಪಡೆಯಬಹುದು. ಮಾರಾಟಗಾರನೇ ಬೆಲೆ ಏರಿಸಲು ಸುಳ್ಳು ಬಿಡ್ ಕೂಗಿಸಿದ್ದರೆ ಕೊಂಡವನು ವ್ಯವಹಾರವನ್ನು ರದ್ದುಪಡಿಸಬಹುದು. ಆದರೆ ಸರ್ಕಾರಿ ಮತ್ತು ಬ್ಯಾಂಕ್ ಇ-ಹರಾಜುಗಳಲ್ಲಿ ಠೇವಣಿ ಹಣ ಮುಟ್ಟುಗೋಲಾಗುವ ಷರತ್ತುಗಳನ್ನು ಮೊದಲೇ ಒಪ್ಪಿಸಿಕೊಂಡಿರುತ್ತಾರೆ. ಗುಂಡಿ ಒತ್ತುವ ಮುನ್ನ ಅವನ್ನು ಓದಬೇಕು.

ಪಾರ್ಲರ್ ಮತ್ತು ಪೊಲೀಸ್ ಪರವಾನಗಿ

ವೀಡಿಯೊ ಗೇಮ್ ಪಾರ್ಲರ್ ಊರಿಗೆ ಬೇಕೋ ಬೇಡವೋ ಎಂಬುದು ಹಳೆಯ ಜಗಳ. ಜಪಾನಿನಲ್ಲಿ 1978ರಲ್ಲಿ 'ಸ್ಪೇಸ್ ಇನ್ವೇಡರ್ಸ್', 1980ರಲ್ಲಿ 'ಪ್ಯಾಕ್-ಮ್ಯಾನ್' ಬಂದ ಬೆನ್ನಲ್ಲೇ ಅಮೆರಿಕದ ಊರುಊರುಗಳಲ್ಲಿ ಪಾರ್ಲರ್‌ಗಳು ಹುಟ್ಟಿಕೊಂಡವು. ಟೆಕ್ಸಾಸ್ ರಾಜ್ಯದ ಮೆಸ್ಕೀಟ್ ನಗರವು ಪಾಲಕರಿಲ್ಲದೆ ಬರುವ 17 ವರ್ಷದೊಳಗಿನವರಿಗೆ ಪ್ರವೇಶ ನಿಷೇಧಿಸಿದ ತಕರಾರು 1982ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮರುವರ್ಷವೇ, 1983ರಲ್ಲಿ, 'ಜಾಯ್‌ಸ್ಟಿಕ್ಸ್' ಎಂಬ ಹಾಸ್ಯಚಿತ್ರ ಬಂದಿತು. ಊರಿನ ಶ್ರೀಮಂತನೊಬ್ಬ ಪಾರ್ಲರ್ ಮುಚ್ಚಿಸಲು ಹೊರಡುತ್ತಾನೆ, ಕೊನೆಗೆ ವಿವಾದ ವೀಡಿಯೊ ಗೇಮ್ ಪಂದ್ಯದಿಂದಲೇ ಇತ್ಯರ್ಥವಾಗುತ್ತದೆ. ಚಿತ್ರ ಕೀಳು ಅಭಿರುಚಿಯದು, ಮನೆಮಂದಿಯೊಡನೆ ನೋಡುವಂಥದಲ್ಲ. ಆದರೆ ಅದರ ಕಥೆಯ ಎಳೆ ಹನ್ನೆರಡು ವರ್ಷಗಳ ನಂತರ ಕರ್ನಾಟಕದಲ್ಲಿ ನಿಜವಾಗಿಯೇ ನ್ಯಾಯಾಲಯದ ಮುಂದೆ ಬಂದಿತು.

1995ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣವೇ ಅದು. ವೀಡಿಯೊ ಗೇಮ್ ಕೇವಲ ಕೌಶಲದ ಆಟ, ಆದ್ದರಿಂದ ಪೊಲೀಸ್ ಪರವಾನಗಿ ಅನಾವಶ್ಯಕ ಎಂಬುದು ಪಾರ್ಲರ್ ಮಾಲೀಕರ ವಾದ. ಯಾವ ಆಟವೂ ಶುದ್ಧ ಕೌಶಲವೂ ಅಲ್ಲ, ಶುದ್ಧ ಅದೃಷ್ಟವೂ ಅಲ್ಲ, ಎರಡರಲ್ಲಿ ಯಾವುದು ಮೇಲುಗೈ ಎಂಬುದನ್ನು ನೋಡಬೇಕು ಎಂದು ನ್ಯಾಯಾಲಯ ಹೇಳಿತು. ಯಂತ್ರಗಳನ್ನು ಮಾಲೀಕರು ತಿರುಚಬಲ್ಲರು, ಆಗ ಆಟಗಾರನ ಕೌಶಲಕ್ಕೆ ಬೆಲೆಯೇ ಉಳಿಯುವುದಿಲ್ಲ ಎಂಬ ಪೊಲೀಸ್ ಅಧಿಕಾರಿಗಳ ಸಮಿತಿಯ ವರದಿಯನ್ನು ಗಮನಕ್ಕೆ ತೆಗೆದುಕೊಂಡು, ಕರ್ನಾಟಕ ಪೊಲೀಸ್ ಕಾಯ್ದೆ 1963ರ ಅಡಿ ಪರವಾನಗಿ ವಿಧಿಸುವ ಅಧಿಕಾರವನ್ನು ಎತ್ತಿಹಿಡಿಯಿತು. ಹೆಚ್ಚಿನವರಿಗೆ ಈ ತೀರ್ಪು ಗೊತ್ತಿಲ್ಲ. ಮಾಲ್‌ನ ಮಳಿಗೆ ಬಾಡಿಗೆಗೆ ಹಿಡಿದು, ಯಂತ್ರಗಳಿಗೆ ಮುಂಗಡ ಕೊಟ್ಟ ಮೇಲೆ ಪರವಾನಗಿಯ ವಿಚಾರಕ್ಕೆ ಕೈಹಾಕುವವರೇ ಅಧಿಕ.

ಅವಳಿ ನಗರದಲ್ಲಿ ಗೇಮಿಂಗ್ ಝೋನ್ ತೆರೆಯುವವರು ಪೊಲೀಸ್ ಕಮಿಷನರೇಟ್, ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ, ಇವುಗಳನ್ನು ಬಂಡವಾಳ ತೊಡಗಿಸುವ ಮೊದಲೇ ವಿಚಾರಿಸುವುದು ಲೇಸು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನು ಕಾಗದದ ಶಾಸ್ತ್ರವೆಂದು ತಿಳಿಯುವವರು 2024ರ ಮೇ 25ರಂದು ರಾಜಕೋಟದ ಟಿ.ಆರ್.ಪಿ. ಗೇಮ್ ಝೋನ್‌ನಲ್ಲಿ ನಡೆದುದನ್ನು ನೆನೆಯಬೇಕು. ಮಕ್ಕಳೂ ಸೇರಿ 27 ಜನ ಅಲ್ಲಿ ಬೆಂದುಹೋದರು.

ಗಂಟೆಗೆ ಇಂತಿಷ್ಟು ಎಂದು ಶುಲ್ಕ ಪಡೆದು ಆಡಿಸುವುದು ಮನೋರಂಜನಾ ಸೇವೆ, ಜಿ.ಎಸ್.ಟಿ. ಶೇ. 18. ಸೇವೆಗಳಿಗೆ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. ರೂ. 50 ಲಕ್ಷದವರೆಗಿನ ಸಣ್ಣ ಸೇವಾದಾರರಿಗೆ ಶೇ. 6ರ ಸರಳ ಯೋಜನೆಯೂ ಇದೆ, ಆದರೆ ಅದರಲ್ಲಿ ಹೂಡುವಳಿ ತೆರಿಗೆ ಜಮೆ ಸಿಗದು. ಗೇಮ್ ಕನ್ಸೋಲ್‌ಗಳ ಮೇಲಿನ ತೆರಿಗೆ 2019ರ ಜನವರಿ 1ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸದಾಗಿ ಲಕ್ಷಾಂತರ ರೂಪಾಯಿಯ ಯಂತ್ರ ಕೊಳ್ಳುವವರು ಆ ಜಮೆಯನ್ನು ಬಿಟ್ಟು ಸರಳ ಯೋಜನೆಗೆ ಹೋಗುವುದು ಲಾಭವೋ ನಷ್ಟವೋ ಎಂಬುದನ್ನು ಮೊದಲ ವರ್ಷವೇ ಲೆಕ್ಕ ಹಾಕಿಸಬೇಕು. ಇನ್ನೊಂದು ಸೂಕ್ಷ್ಮ. ಅಂಗಡಿಯಲ್ಲಿ ಕೊಂಡ ಗೇಮ್ ಡಿಸ್ಕ್ ಸಾಮಾನ್ಯವಾಗಿ ಮನೆಬಳಕೆಯ ಪರವಾನಗಿ ಹೊಂದಿರುತ್ತದೆ. ಕಂಪ್ಯೂಟರ್ ಪ್ರೋಗ್ರಾಮನ್ನು ವಾಣಿಜ್ಯ ಬಾಡಿಗೆಗೆ ಕೊಡುವ ಹಕ್ಕು ಕೃತಿಸ್ವಾಮ್ಯ ಕಾಯ್ದೆಯ 14ನೆಯ ಕಲಮಿನಡಿ ಒಡೆಯನದು. ಗೇಮ್ ಪ್ರಕಾಶಕರಿಂದ ವಾಣಿಜ್ಯ ಬಳಕೆಯ ಅನುಮತಿ ಪಡೆದಿರಬೇಕು.

ಇಷ್ಟೆಲ್ಲವೂ ಹಣ ಪಣಕ್ಕಿಡದ ಆಟಗಳಿಗೆ. ಗೆದ್ದವನಿಗೆ ನಗದು ಕೊಡುವ ಏರ್ಪಾಡು ಬಂದ ಕೂಡಲೇ ಅಧ್ಯಾಯವೇ ಬದಲಾಗುತ್ತದೆ.

ಪಣದ ಆಟ: ಬೆಂಗಳೂರಿನ ಪ್ರಕರಣಗಳು

ರಮ್ಮಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿಯೇ ಹೇಳಿತ್ತು. ಮೊಬೈಲ್ ಕಂಪನಿಗಳು ಆ ಮಾತಿನ ಆಸರೆಯಲ್ಲಿ ಬೆಳೆದವು. ಅವುಗಳಲ್ಲಿ ಹಲವಕ್ಕೆ ಬೆಂಗಳೂರೇ ಮನೆ. ಕರ್ನಾಟಕ ಸರ್ಕಾರವು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿತು. ಅದರ ಮುಖ್ಯ ಉಪಬಂಧಗಳನ್ನು ನಮ್ಮ ಉಚ್ಚ ನ್ಯಾಯಾಲಯವು 2022ರ ಫೆಬ್ರುವರಿ 14ರಂದು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಅದೇ ವರ್ಷ ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಕಂಪನಿಗೆ ಸುಮಾರು ರೂ. 21,000 ಕೋಟಿ ಜಿ.ಎಸ್.ಟಿ. ಬೇಡಿಕೆಯ ನೋಟೀಸು ಬಂದಿತು. 2023ರ ಮೇ 11ರಂದು ಉಚ್ಚ ನ್ಯಾಯಾಲಯ ಆ ನೋಟೀಸನ್ನು ವಜಾ ಮಾಡಿತು, ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು.

ವಿವಾದದ ತಿರುಳನ್ನು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. ಆಟಗಾರರು ಒಟ್ಟು ರೂ. 1,000 ಕಟ್ಟಿದರು, ಕಂಪನಿ ರೂ. 100 ಶುಲ್ಕವಾಗಿ ಇಟ್ಟುಕೊಂಡು ಉಳಿದುದನ್ನು ಗೆದ್ದವರಿಗೆ ಹಂಚಿತು ಎಂದಿಟ್ಟುಕೊಳ್ಳೋಣ. ತನ್ನ ಶುಲ್ಕಕ್ಕೆ ಮಾತ್ರ ಶೇ. 18 ಎಂಬ ಕಂಪನಿಯ ನಿಲುವಿನಲ್ಲಿ ತೆರಿಗೆ ರೂ. 18. ಕಟ್ಟಿದ ಪೂರ್ಣ ಮೊತ್ತಕ್ಕೆ ಶೇ. 28 ಎಂಬ ಇಲಾಖೆಯ ನಿಲುವಿನಲ್ಲಿ ರೂ. 280, ಕಂಪನಿಯ ಇಡೀ ಗಳಿಕೆಯ ಸುಮಾರು ಮೂರು ಪಟ್ಟು. 2023ರ ಅಕ್ಟೋಬರ್ 1ರಿಂದ ಕಾನೂನನ್ನೇ ತಿದ್ದಿ ಪೂರ್ಣ ಮೊತ್ತದ ಮೇಲೆ ಶೇ. 28 ಎಂದು ಸ್ಪಷ್ಟಪಡಿಸಲಾಯಿತು; 2025ರ ಸೆಪ್ಟೆಂಬರ್ 22ರಿಂದ ದರ ಶೇ. 40ಕ್ಕೆ ಏರಿತು. ದಲ್ಲಾಲಿ ವ್ಯಾಪಾರಸ್ಥರು ಇದನ್ನು ತಮ್ಮ ಕಣ್ಣಿನಿಂದ ನೋಡಲಿ. ತನ್ನ ದಲ್ಲಾಲಿಗೆ ತೆರಿಗೆ ಕಟ್ಟುವುದಕ್ಕೂ ತನ್ನ ಕೈಮೂಲಕ ಹಾದುಹೋದ ಇಡೀ ಮಾಲಿನ ಬೆಲೆಗೆ ತೆರಿಗೆ ಕಟ್ಟುವುದಕ್ಕೂ ಇರುವ ಅಂತರವೇ ಇಲ್ಲಿನ ವ್ಯಾಜ್ಯ.

ತೆರಿಗೆ ಏರುವ ಮುನ್ನವೇ ಆಟಕ್ಕೆ ಬೀಗ ಬಿದ್ದಿತ್ತು. ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಭೇದವನ್ನೇ ಅದು ಬದಿಗಿಟ್ಟಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಯಾವುದೇ ಇರಲಿ ನಿಷಿದ್ಧ. ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ರೂ. 1 ಕೋಟಿವರೆಗೆ ದಂಡ. ಜಾಹೀರಾತು ನೀಡಿದವರಿಗೆ ಎರಡು ವರ್ಷಗಳವರೆಗೆ ಸೆರೆ, ರೂ. 50 ಲಕ್ಷದವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ, ಇ-ಸ್ಪೋರ್ಟ್ಸ್ ಮತ್ತು ಹಣವಿಲ್ಲದ ಆಟಗಳಿಗೆ ಅಡ್ಡಿಯಿಲ್ಲ. ದೊಡ್ಡ ಕಂಪನಿಗಳು ಆ ಆಗಸ್ಟ್‌ನಲ್ಲಿಯೇ ಪಣದ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲೊಂದು ನಮ್ಮ ಉಚ್ಚ ನ್ಯಾಯಾಲಯದಲ್ಲಿಯೇ ದಾಖಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಥ ಅರ್ಜಿಗಳನ್ನು ತನ್ನೆಡೆಗೆ ವರ್ಗಾಯಿಸಿಕೊಂಡಿತು. ಅಂಗಡಿಯ ಫಲಕದಲ್ಲಿ, ಗಣೇಶೋತ್ಸವದ ಕಮಾನಿನಲ್ಲಿ, ಕ್ರಿಕೆಟ್ ಪಂದ್ಯಾವಳಿಯ ಬ್ಯಾನರಿನಲ್ಲಿ ಇಂಥ ಆ್ಯಪ್‌ಗಳ ಹೆಸರು ಹಾಕಲು ಜಾಗ ಕೊಡುವವರು ಜಾಹೀರಾತಿನ ಕಲಮನ್ನು ಲಘುವಾಗಿ ಪರಿಗಣಿಸಬಾರದು.

ಅಂಗಡಿಯ ಖಾತೆಯಿಂದ ಹೋದ ಹಣ

ಈಗ ಹಳೆಯ ವರ್ಷಗಳ ಲೆಕ್ಕ. 2023-24ನೆಯ ಆರ್ಥಿಕ ವರ್ಷದಿಂದ ಆನ್‌ಲೈನ್ ಆಟಗಳ ನಿವ್ವಳ ಗೆಲುವಿಗೆ ಆದಾಯ ತೆರಿಗೆ ಕಾಯ್ದೆ 1961ರ 115ಬಿಬಿಜೆ ಕಲಮಿನಡಿ ಶೇ. 30 ತೆರಿಗೆ, ಮೂಲ ವಿನಾಯಿತಿ ಮಿತಿಯ ರಿಯಾಯಿತಿ ಇಲ್ಲ. 194ಬಿಎ ಕಲಮಿನಡಿ ಕಂಪನಿಯೇ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕಿತ್ತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿಸಲಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ; ಹಿಂದಿನ ವರ್ಷಗಳ ನೋಟೀಸುಗಳಿಗೆ ಹಳೆಯ ಸಂಖ್ಯೆಗಳೇ ಬೇಕಾಗುತ್ತವೆ. ಒಬ್ಬನು ವರ್ಷದಲ್ಲಿ ರೂ. 50,000 ಕಟ್ಟಿ ರೂ. 80,000 ಹಿಂಪಡೆದರೆ, ಆರಂಭದಲ್ಲೂ ಕೊನೆಯಲ್ಲೂ ಖಾತೆಯಲ್ಲಿ ಬಾಕಿ ಇಲ್ಲದಿದ್ದರೆ, ನಿವ್ವಳ ಗೆಲುವು ರೂ. 30,000, ತೆರಿಗೆ ರೂ. 9,000 ಮತ್ತು ಸೆಸ್. ತಿರುವುಮುರುವಾಗಿ ಆತ ರೂ. 30,000 ಸೋತಿದ್ದರೆ ಆ ನಷ್ಟವನ್ನು ಕಿರಾಣಿ ಅಂಗಡಿಯ ಲಾಭದಿಂದ ಕಳೆಯಲಾಗದು, ಮುಂದಿನ ವರ್ಷಕ್ಕೂ ಒಯ್ಯಲಾಗದು. ಗೆದ್ದರೆ ಸರ್ಕಾರಕ್ಕೆ ಪಾಲುಂಟು, ಸೋತರೆ ಪೂರ್ತಿ ನಿಮ್ಮದೇ.

ಏಕಮಾಲೀಕತ್ವದ ಅಂಗಡಿಯ ಖಾತೆಯಿಂದ ಮಾಲೀಕನೋ ಮನೆಮಂದಿಯೋ ಇಂಥ ಪಾವತಿ ಮಾಡಿದ್ದರೆ ಅದು ಉಚಾಪತಿ, ಬಂಡವಾಳ ಖಾತೆಗೆ ಖರ್ಚು. ಪಾಲುದಾರಿಕೆ ಸಂಸ್ಥೆಯಾದರೆ ಯಾವ ಪಾಲುದಾರನ ಕಡೆಯಿಂದ ಹೋಯಿತೋ ಅವನ ಖಾತೆಗೇ ಬರೆಯಬೇಕು; 'ಇತರೆ ವೆಚ್ಚ'ದಲ್ಲಿ ಮುಳುಗಿಸಿದರೆ ಮುಂದೆ ಅಣ್ಣತಮ್ಮಂದಿರ ನಡುವೆ ಆಗುವ ಮಾತುಕತೆ ತೆರಿಗೆ ಅಧಿಕಾರಿಯ ನೋಟೀಸಿಗಿಂತ ಕಟುವಾಗಿರುತ್ತದೆ. ಮಾಲೀಕನಿಗೆ ತಿಳಿಯದಂತೆ ನೌಕರನು ಗಲ್ಲಾದ ಅಥವಾ ಖಾತೆಯ ಹಣವನ್ನು ಆಟಕ್ಕೆ ಹಾಕಿದ್ದರೆ ಸ್ಥಿತಿ ಬೇರೆ. ವ್ಯವಹಾರದ ಅಂಗವಾಗಿ ಹಣ ನಿರ್ವಹಿಸುವ ನೌಕರನ ದುರುಪಯೋಗದಿಂದಾದ ನಷ್ಟವು ವ್ಯಾಪಾರದ ನಷ್ಟವೇ ಎಂದು ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ಬದ್ರಿದಾಸ್ ದಾಗಾ ಪ್ರಕರಣದಲ್ಲಿ ಹೇಳಿದೆ. ನಷ್ಟ ಪತ್ತೆಯಾದ ವರ್ಷದಲ್ಲಿ ಅದನ್ನು ಕಳೆಯಬಹುದೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 1965ರ ಸುತ್ತೋಲೆಯೂ ಇದೆ. ಆದರೆ ಪುರಾವೆ ಬೇಕು: ಪೊಲೀಸ್ ದೂರು, ನೌಕರನಿಂದ ಲಿಖಿತ ಹೇಳಿಕೆ, ವಸೂಲಿಗೆ ಮಾಡಿದ ಪ್ರಯತ್ನದ ದಾಖಲೆ. 'ಹಳೆಯ ಹುಡುಗ, ಮರ್ಯಾದೆ ಹೋಗುತ್ತದೆ' ಎಂದು ಮನೆಗೆ ಕಳಿಸಿಬಿಟ್ಟರೆ ಮಾನವೀಯತೆಯೇನೋ ಉಳಿಯಿತು. ಕಡಿತ ಉಳಿಯುವುದು ಕಷ್ಟ. ಅಂಗಡಿಯ ಯು.ಪಿ.ಐ. ಇರುವ ಮೊಬೈಲನ್ನು ಮಾಲೀಕರು ಗಲ್ಲಾದ ಬೀಗದ ಕೈಯಂತೆಯೇ ನೋಡಬೇಕು.

ಬರೆದವನದೋ ಬರೆಯಿಸಿದವನದೋ

2021ರ 'ಫ್ರೀ ಗೈ' ಚಿತ್ರದಲ್ಲಿ ಒಂದು ಗೇಮ್‌ನೊಳಗಿನ ಬ್ಯಾಂಕ್ ಗುಮಾಸ್ತನಿಗೆ ತಾನು ಕೇವಲ ಹಿನ್ನೆಲೆಯ ಗೊಂಬೆಯೆಂಬ ಅರಿವಾಗುತ್ತದೆ. ಜಗತ್ತಿನಾದ್ಯಂತ ಸುಮಾರು 33 ಕೋಟಿ ಡಾಲರ್ ಗಳಿಸಿದ ಈ ಚಿತ್ರದ ಬೆನ್ನೆಲುಬು ಮಾತ್ರ ಒಂದು ಕೃತಿಸ್ವಾಮ್ಯದ ದಾವೆ. ಮಿಲ್ಲಿ ಮತ್ತು ಕೀಸ್ ಎಂಬ ಇಬ್ಬರು ತರುಣರು ಬರೆದ ಗೇಮ್ ಅನ್ನು ದೊಡ್ಡ ಕಂಪನಿಯ ಮಾಲೀಕ ಕೊಂಡು ಮೂಲೆಗೆ ಹಾಕಿ, ಅದರ ಪ್ರೋಗ್ರಾಮನ್ನು ಗುಟ್ಟಾಗಿ ತನ್ನ ಗೇಮ್‌ನಲ್ಲಿ ಬಳಸಿಕೊಂಡಿರುತ್ತಾನೆ. ಕದ್ದುದಕ್ಕೆ ಸಾಕ್ಷಿ ಗೇಮ್‌ನ ಒಳಗೇ ಅಡಗಿದೆ. ಸಿಕ್ಕಿಬೀಳುವ ಭಯಕ್ಕೆ ಮಾಲೀಕ ಕೊಡಲಿ ಹಿಡಿದು ತನ್ನ ಸರ್ವರ್‌ಗಳನ್ನೇ ಒಡೆಯುತ್ತಾನೆ. ಕೊನೆಗೆ ಉಳಿದ ಒಂದೇ ಸರ್ವರ್‌ಗಾಗಿ ಮಿಲ್ಲಿ ದಾವೆಯನ್ನು ಬಿಟ್ಟು ರಾಜಿಯಾಗುತ್ತಾಳೆ. ವಕೀಲರು ಒಪ್ಪದ ರಾಜಿ, ಆದರೆ ವ್ಯಾಪಾರಸ್ಥರು ದಿನವೂ ಮಾಡುವಂಥದು: ಹಳೆಯ ಬಾಕಿ ಬಿಟ್ಟು ಮಾಲು ಕೈಗೆ ತೆಗೆದುಕೊಳ್ಳುವುದು.

ನಮ್ಮ ಸಣ್ಣ ಕೈಗಾರಿಕೆಗಳಿಗೆ ಈ ಭಾಗ ಅತ್ಯಂತ ಪ್ರಸ್ತುತವೆಂದು ನನ್ನ ಅಭಿಪ್ರಾಯ. ವಾಲ್ವ್ ತಯಾರಕರಿಂದ ಹಿಡಿದು ಬೇಕರಿಯವರೆಗೆ ಎಲ್ಲರೂ ಯಾರಿಂದಲೋ ಬಿಲ್ಲಿಂಗ್ ಸಾಫ್ಟ್‌ವೇರ್, ಆ್ಯಪ್, ಜಾಲತಾಣ ಮಾಡಿಸುತ್ತಾರೆ. ಕೃತಿಸ್ವಾಮ್ಯ ಕಾಯ್ದೆ 1957ರಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ 'ಸಾಹಿತ್ಯ ಕೃತಿ'. ಬರೆದವನು ನಿಮ್ಮ ಸಂಬಳದ ನೌಕರನಾಗಿದ್ದು ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿರುವಾಗ ಮೊದಲ ಒಡೆತನ ನಿಮ್ಮದು. ಆದರೆ ಇಂಜಿನಿಯರಿಂಗ್ ಕಾಲೇಜು ಮುಗಿಸಿದ ತರುಣನಿಗೆ ಗುತ್ತಿಗೆಯ ಮೇಲೆ ರೂ. 2 ಲಕ್ಷ ಕೊಟ್ಟು ಬರೆಯಿಸಿದ್ದರೆ, ಬಿಲ್ಲು ಪೂರ್ತಿ ಪಾವತಿಯಾಗಿದ್ದರೂ ಒಡೆತನ ತಾನಾಗಿ ನಿಮ್ಮ ಕಡೆಗೆ ಬರುವುದಿಲ್ಲ. ಲಿಖಿತ, ಸಹಿ ಮಾಡಿದ ಹಸ್ತಾಂತರ ಪತ್ರ ಬೇಕು. ಇದು 19ನೆಯ ಕಲಂ. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕೊಂಡವನು ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಮೂಲೆಗೆ ಹಾಕಿದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದ ಹೊರತು ಆ ಹಕ್ಕು ಕಳೆದುಹೋಗುತ್ತದೆ. 'ಫ್ರೀ ಗೈ'ನ ಖಳನಾಯಕ ಧಾರವಾಡದಲ್ಲಿ ವ್ಯವಹರಿಸಿದ್ದರೆ ಮಿಲ್ಲಿಗೆ ಈ ಉಪಕಲಮು ದೊಡ್ಡ ಆಸರೆಯಾಗುತ್ತಿತ್ತು. ಖರೀದಿ ಆದೇಶದ ಹಿಂಬದಿಯಲ್ಲಿ ನಾಲ್ಕು ಸಾಲು ಸೇರಿಸಿದರೆ ಮುಗಿಯುವ ಕೆಲಸ: ಅವಧಿ, ಪ್ರದೇಶ, ಮೂಲ ಪ್ರೋಗ್ರಾಮಿನ ಪ್ರತಿ ಒಪ್ಪಿಸುವಿಕೆ, ಹಾಗೂ ಬಳಸದಿದ್ದರೂ ಹಕ್ಕು ಉಳಿಯುವ ಷರತ್ತು.

ಪ್ರೋಗ್ರಾಮ್ ಬರೆದವರಿಗೂ ಇದೇ ಮಾತು. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯು ವಿದೇಶಿ ಗೇಮ್‌ಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಾ ಬೆಳೆದು, ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಝ್, ನಂತರ 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ರಾಜ್ಯ ಸರ್ಕಾರವು 2012ರಲ್ಲಿಯೇ ಅನಿಮೇಷನ್ ಮತ್ತು ಗೇಮಿಂಗ್ ನೀತಿ ತಂದಿತ್ತು. 2024-29ರ ಪರಿಷ್ಕೃತ ನೀತಿಯೂ ಪ್ರಕಟವಾಗಿದೆ. ಅದರ ಸೌಲಭ್ಯ ಬೇಕೆನ್ನುವ ನಮ್ಮ ಭಾಗದ ತರುಣರು ಹಸ್ತಾಂತರ ಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಸಲ ಓದಲಿ.

ಉಳಿದ ಎರಡು ಮಾತು

ಚಿತ್ರ ನಿರ್ಮಾಣವೂ ಪಣದ ಆಟವೇ ಎಂಬುದಕ್ಕೆ ಉದಾಹರಣೆ ಬೇಕಿದ್ದರೆ 2010ರ 'ಸ್ಕಾಟ್ ಪಿಲ್‌ಗ್ರಿಮ್ ವರ್ಸಸ್ ದಿ ವರ್ಲ್ಡ್' ನೋಡಬಹುದು; ಗೇಮ್ ಶೈಲಿಯ ಆ ಹಾಸ್ಯಚಿತ್ರವನ್ನು ವಿಮರ್ಶಕರು ಹೊಗಳಿದರು, ಆದರೆ ಚಿತ್ರಮಂದಿರಗಳಲ್ಲಿ ಹಾಕಿದ ಹಣವೂ ಮರಳಲಿಲ್ಲ. 2017ರ 'ಜುಮಾಂಜಿ: ವೆಲ್‌ಕಮ್ ಟು ದಿ ಜಂಗಲ್' 90 ಕೋಟಿ ಡಾಲರ್‌ಗೂ ಮೀರಿ ಗಳಿಸಿತು. ಹಿಂದಿಯ 'ರಾ.ಒನ್' 2011ರ ದೀಪಾವಳಿಗೆ ಬಂದು, ಗೇಮ್ ಖಳನನ್ನು ಹೊರಗೆ ತಂದು ನಿಲ್ಲಿಸಿತು. ಅದರ ನಗುವಿಗಿಂತ ಅದರ ವ್ಯಾಪಾರೀ ಒಪ್ಪಂದಗಳು ಹೆಚ್ಚು ಚರ್ಚೆಯಾದವು.

'ರೆಕ್-ಇಟ್ ರಾಲ್ಫ್'ನಲ್ಲಿ ನಿಂಟೆಂಡೊ, ಸೆಗಾ, ಕ್ಯಾಪ್‌ಕಾಮ್ ಕಂಪನಿಗಳ ಪಾತ್ರಗಳು ಹಾದುಹೋಗುತ್ತವೆ. ಪ್ರತಿಯೊಂದಕ್ಕೂ ಡಿಸ್ನಿ ಅನುಮತಿ ಪಡೆಯಬೇಕಾಯಿತು. ಅದೇ ಪಾತ್ರಗಳ ಚಿತ್ರವಿರುವ ಮಕ್ಕಳ ಅಂಗಿ, ಸ್ಕೂಲ್ ಬ್ಯಾಗ್, ರಾಖಿಗಳನ್ನು ಸಗಟು ತರುವವರು ಸರಬರಾಜುದಾರನಿಂದ ಪರವಾನಗಿಯ ಪ್ರತಿ ಕೇಳಬೇಕು. ಸುಳ್ಳು ವ್ಯಾಪಾರ ಚಿಹ್ನೆಯ ಮಾಲು ತಯಾರಿಸುವುದಕ್ಕಷ್ಟೇ ಅಲ್ಲ, ಮಾರುವುದಕ್ಕೂ 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆ, ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ಉಂಟು. ಸಮುಚಿತ ಎಚ್ಚರ ವಹಿಸಿದ್ದೆನೆಂದು ತೋರಿಸಲು ಆ ಪ್ರತಿಯೇ ಮಾರುವವನ ರಕ್ಷಣೆ.

ಹರಾಜಿನ ಹಣ ಹೊಂದಿಸಲು ರಾಲ್ಫ್ ಕೊನೆಗೆ ಹಿಡಿಯುವ ದಾರಿ ನಗೆ ವೀಡಿಯೊಗಳದ್ದು. ಮೆಚ್ಚುಗೆಯ ಹೃದಯಗಳು ಸುರಿದು ಡಾಲರ್ ಆಗುತ್ತವೆ. ನಮ್ಮಲ್ಲಿಯೂ ಸೀರೆ ಅಂಗಡಿ, ಮೊಬೈಲ್ ಅಂಗಡಿಗಳವರು ರೀಲ್ಸ್ ಮಾಡುವವರನ್ನು ಕರೆಸಿ ಹಣದ ಬದಲು ಮಾಲನ್ನೇ ಕೊಡುತ್ತಾರೆ. 2022ರ ಜುಲೈ 1ರಿಂದ ಜಾರಿಯಾದ 194ಆರ್ ಕಲಮಿನ ಪ್ರಕಾರ, ಒಬ್ಬರಿಗೆ ವರ್ಷದಲ್ಲಿ ರೂ. 20,000 ಮೀರಿದ ಇಂಥ ಲಾಭ ಕೊಟ್ಟರೆ ಶೇ. 10 ಮೂಲ ತೆರಿಗೆಯ ಹೊಣೆ ಕೊಡುವವರದು. ವೀಡಿಯೊ ಮಾಡಿ ಮಾಲು ಹಿಂದಿರುಗಿಸಿದರೆ ಅದು ಲಾಭವಲ್ಲ, ಇಟ್ಟುಕೊಂಡರೆ ಲಾಭ ಎಂದು 2022ರ ಜೂನ್ 16ರ ಸುತ್ತೋಲೆ ಸ್ಪಷ್ಟಪಡಿಸಿದೆ. ಅಂದರೆ ರೂ. 35,000ದ ಫೋನನ್ನು ಪ್ರಚಾರಕನು ಜೇಬಿಗೆ ಹಾಕಿಕೊಂಡು ಹೋದರೆ, ಮೊದಲು ರೂ. 3,500 ತೆರಿಗೆ ಕಟ್ಟಿಸಿದ ಚಲನ್ ನಿಮ್ಮ ಕಡತದಲ್ಲಿರಬೇಕು. ಹಿಂದಿನ ವರ್ಷ ವ್ಯಾಪಾರದ ವಹಿವಾಟು ರೂ. 1 ಕೋಟಿ ಮೀರದ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬಕ್ಕೆ ಈ ಹೊಣೆ ಅನ್ವಯಿಸದು; ಪಾಲುದಾರಿಕೆ ಸಂಸ್ಥೆ ಮತ್ತು ಕಂಪನಿಗಳಿಗೆ ಅಂಥ ವಿನಾಯಿತಿ ಇಲ್ಲ.